ಎಂಟೂವರೆಯ ಚಹಾ

ಕಂತು ಏಳು

"ಹೊತ್ತು ಮುಳುಗಿದ ಮ್ಯಾಲ ಈಕಿ ಚಹಾ ಹೆಂಗ ಕುಡದಾಳು?"

ಕೇಳಿದವಳು ಚೆನ್ನವ್ವ. ಕೇಳಿಸಿಕೊಂಡವರು ಯಾರೂ ಇರಲಿಲ್ಲ.

ಕೊಲ್ಹಾಪುರದ ಕೋರ್ಟಿಗೆ ಹತ್ತಿರ, ಒಂದು ಮಾಳಿಗೆಯ ಮೇಲೆ ವಕೀಲೆ ಹರ್ಷದಾಳ ಎರಡು ಕೋಣೆಯ ಕಚೇರಿ. ಗಣಪತಿ ಕಳಿಸಿದ ಮರುದಿನದ ಬೆಳಗು. ಕುಣಿದು ದಣಿದ ಊರು ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಕೆಳಗಿನ ರಸ್ತೆಯ ತುಂಬ ಗುಲಾಲು ಬಿದ್ದಿತ್ತು, ತುಳಿಯುವವರಿರಲಿಲ್ಲ. ಚೆನ್ನವ್ವ ತಲೆ ಎತ್ತಿ ಬಾಗಿಲ ಕಡೆ ನೋಡಿದಳು. ಎದ್ದಾಗಿನಿಂದ ಆಕೆ ಆಡಿದ ಮೊದಲ ಮಾತು ಇದು. ಅದೂ ಒಂದು ಕಾಗದದ ಜೊತೆ.

ಮೇಜಿನ ಮೇಲೆ ಮಾಣಿಕಬಾಯಿಯ ಫೈಲು, ನಲವತ್ತೊಂದು ಪುಟದ ನಕಲು.

ಇಚಲಕರಂಜಿಯ ಮಾಣಿಕಬಾಯಿಗೆ ಅರವತ್ತೆಂಟು. ಎರಡು ವರ್ಷದ ಹಿಂದೆ ಹೆದ್ದಾರಿ ಬದಿಯ ನಾಲ್ಕಂತಸ್ತಿನ ದವಾಖಾನೆಯಲ್ಲಿ ಡಾಕ್ಟರ್ ನಿಲೇಶ ಆಕೆಯ ಹೊಟ್ಟೆ ಕೊಯ್ದು ಪಿತ್ತಕೋಶ ತೆಗೆದಿದ್ದರು. ಹದಿನಾರು ತಿಂಗಳು ಗಾಯ ಆರಲಿಲ್ಲ, ಕೀವು ನಿಲ್ಲಲಿಲ್ಲ. ಈ ವರ್ಷ ಜನವರಿಯಲ್ಲಿ ಬೆಳಗಾವಿಯವರು ಮತ್ತೆ ಹೊಟ್ಟೆ ತೆರೆದರು. ಒಳಗೆ ಅಂಗೈಯಗಲದ ದಪ್ಪ ಬಟ್ಟೆ ಸಿಕ್ಕಿತು. ರಕ್ತ ಹೀರಿಕೊಳ್ಳಲಿ ಎಂದು ಆಪರೇಷನ್ನಿನ ಹೊತ್ತಿಗೆ ಒಳಗಿಡುತ್ತಾರಲ್ಲ, ಅಂಥದು.

ಹರ್ಷದಾಳ ನೋಟಿಸಿಗೆ ದವಾಖಾನೆಯ ಉತ್ತರ ನಾಲ್ಕೇ ಸಾಲು. ಆ ಬಟ್ಟೆ ನಮ್ಮದಲ್ಲ. ಮೂವತ್ತೆಂಟು ವರ್ಷದ ಹಿಂದೆ ಬೇರೆಲ್ಲೋ ಹೆರಿಗೆಗೆ ಹೊಟ್ಟೆ ಕೊಯ್ದಾಗ ಉಳಿದಿರಬೇಕು. ನಮ್ಮಲ್ಲಿ ಇಟ್ಟ ಬಟ್ಟೆ ಹತ್ತು, ತೆಗೆದ ಬಟ್ಟೆ ಹತ್ತು. ಸಿಸ್ಟರ್ ಮನಾಲಿ ಎಣಿಸಿ ಸಹಿ ಮಾಡಿದ್ದಾರೆ.

ಚೆನ್ನವ್ವನಿಗೆ ಐವತ್ತೊಂದು. ಗಡಹಿಂಗ್ಲಜದ ಒಂದು ದವಾಖಾನೆಯ ದಫ್ತರದಲ್ಲಿ ಇಪ್ಪತ್ತಾರು ವರ್ಷ ಇಂಥ ಫೈಲುಗಳನ್ನು ಕಟ್ಟಿ, ಬಿಚ್ಚಿ, ಧೂಳು ಕೊಡವಿ ಇಟ್ಟವಳು. ಗಂಡ ಹೋದಮೇಲೆ ಕೆಲಸ ಬಿಟ್ಟು ಕೊಲ್ಹಾಪುರಕ್ಕೆ ಬಂದು ಹರ್ಷದಾಳಿಗಾಗಿ ಊರೂರು ಅಲೆದು ಪತ್ತೆ ಹಚ್ಚುತ್ತಿದ್ದಳು. ಚಿಕ್ಕಂದಿನಲ್ಲಿ ಅಪ್ಪ ಮಠದ ಪಡಸಾಲೆಯಲ್ಲಿ ಪುರಾಣ ಓದುವಾಗ ಕಂಬಕ್ಕೊರಗಿ ಕೇಳುತ್ತ ಬೆಳೆದ ಕಿವಿ ಅದು. ಎಲ್ಲಿ ಅಪ್ಪ ಮನಸಿಟ್ಟು ಓದಿದ, ಎಲ್ಲಿ ಬಾಯಿ ಮಾತ್ರ ಓದಿತು ಅನ್ನುವುದು ಆಕೆಗೆ ಕೂತಲ್ಲೇ ತಿಳಿಯುತ್ತಿತ್ತು. ಬರೆದ ಸಾಲಿಗೂ ಹಾಗೇ ಒಂದು ಉಸಿರಿರುತ್ತದೆ.

ಈ ಫೈಲಿಗೆ ಉಸಿರಿರಲಿಲ್ಲ.

ಐದು ದಿನದ ದಾಖಲೆ. ಹಗಲಿನ ಪಾಳಿ, ರಾತ್ರಿಯ ಪಾಳಿ, ಎಲ್ಲಕ್ಕೂ ಒಂದೇ ಪೆನ್ನಿನ ಒತ್ತು. ಎಲ್ಲೂ ಒಂದು ಚಿತ್ತು ಇಲ್ಲ, ಔಷಧದ ಕಲೆ ಇಲ್ಲ, ಅವಸರದಲ್ಲಿ ವಾಲಿದ ಅಕ್ಷರವಿಲ್ಲ. ಹೋದ ತಿಂಗಳು ದವಾಖಾನೆಯವರು ದೂರದಿಂದ ಮೂಲ ಫೈಲು ತೋರಿಸಿದಾಗ ಆಕೆ ನೋಡಿದ್ದಳು: ಮೂಲೆಯಲ್ಲಿ ಪಿನ್ನಿನ ಎರಡೇ ತೂತು. ಐದು ದಿನ ಹತ್ತು ಕೈ ದಾಟಿದ ಫೈಲಿನ ಮೂಲೆ ಜರಡಿಯಾಗಿರಬೇಕಿತ್ತು.

ಅದೆಲ್ಲ ಸಂಶಯ ಮಾತ್ರ. ಸಂಶಯವನ್ನು ಗ್ರಾಹಕ ಆಯೋಗದ ಮುಂದೆ ಇಡಲು ಬರುವುದಿಲ್ಲ.

ಇವತ್ತು ಕಣ್ಣಿಗೆ ಬಿದ್ದದ್ದು ಊಟದ ಕಾಲಮ್ಮು. ಮೂರನೆಯ ದಿನ ಎಂಟೂವರೆಗೆ ಚಹಾ, ಎರಡು ಬಿಸ್ಕಿಟ್ಟು. ನಾಲ್ಕನೆಯ ದಿನ ಎಂಟೂವರೆಗೆ ಅದೇ. ಐದನೆಯ ದಿನವೂ ಅದೇ. ಬೆಳಗಿನ ಎಂಟೂವರೆಯಲ್ಲ, ರಾತ್ರಿಯದು.

ಚೆನ್ನವ್ವ ಮೊದಲ ಸಲ ಮಾಣಿಕಬಾಯಿಯ ಮನೆಗೆ ಹೋದಾಗ ಸಂಜೆಯಾಗಿತ್ತು. ಮುದುಕಿ ಕಿಟಕಿಯ ಬೆಳಕು ನೋಡುತ್ತ ಗಡಬಡಿಸಿ ಎರಡು ತುತ್ತು ಉಂಡು, ಕಾಯಿಸಿ ಆರಿಸಿದ ನೀರು ಕುಡಿದು, ತಂಬಿಗೆ ಬೋರಲು ಹಾಕಿದ್ದಳು. "ಮೂವತ್ತು ವರ್ಷಾತವ್ವಾ, ಹೊತ್ತು ಮುಳುಗಿದ ಮ್ಯಾಲ ಹನಿ ನೀರೂ ಮುಟ್ಟಿಲ್ಲ. ದವಾಖಾನ್ಯಾಗೂ ಮುರೀಲಿಲ್ಲ. ಅಲ್ಲೊಬ್ಬಾಕಿ ನಮ್ಮ ಪೈಕಿ ಹುಡುಗಿ ಇದ್ಲು, ಸಿಸ್ಟರ್. ಹೊತ್ತು ಇಳಿಯೂ ಮೊದಲ ಓಡಿ ಬರಾಕಿ, ಆಯಿ ಲಗು ಕುಡೀರಿ, ಲಗು ಕುಡೀರಿ ಅಂತ."

ಮೆಟ್ಟಿಲ ಮೇಲೆ ಚಪ್ಪಲಿಯ ಸಪ್ಪಳ. ಹರ್ಷದಾ ಕಪ್ಪು ಕೋಟು ತೋಳಿಗೆ ಹಾಕಿಕೊಂಡು ಒಳಗೆ ಬಂದಳು.

"ಯಾರ ಜೋಡಿ ಮಾತಾಡಾಕತ್ತಿದ್ರಿ ಚೆನ್ನಕ್ಕಾ?"

"ಯಾರಿಲ್ಲ ವಕೀಲಬಾಯಿ. ಇದನ್ನೊಂದೀಟು ನೋಡ್ರಿ."

ಹರ್ಷದಾ ನಿಂತಲ್ಲೇ ಓದಿದಳು. ಮತ್ತೊಮ್ಮೆ ಓದಿದಳು. ಕುರ್ಚಿಯ ಮೇಲೆ ಧೊಪ್ಪನೆ ಕೂತಳು.

"ಅಯ್ಯ! ನಾನೂ ಜೈನರ ಮನಿಯಾಕಿ. ಹತ್ತು ಸಲ ಓದೇನಿ ಈ ಪಾನಾ. ಒಂದ ಸಲಾನೂ ಹೊಳೀಲಿಲ್ಲ."

"ನೀವು ರಾತ್ರಿ ಹತ್ತಕ್ಕ ಪಾವ್ ಭಾಜಿ ತಿನ್ನಾಕಿ. ನಿಮಗ ಹೆಂಗ ಹೊಳೀತೈತಿ?"

"ಆತು, ಬೈರಿ." ಹರ್ಷದಾ ನಕ್ಕಳು, ನಗುತ್ತಲೇ ಗಂಭೀರವಾದಳು. "ಜಡ್ಡಾದಾಗ ನೇಮ ಬಿಟ್ಟಿದ್ಲು ಅಂತಾರ ಅವರು."

"ಅದಕ್ಕ ಆ ಮನಾಲಿ ಸಿಸ್ಟರ್ ಬೇಕು, ಆಯಿಗೆ ಹೊತ್ತು ಇಳಿಯೂ ಮೊದಲ ನೀರು ಕುಡಿಸಿದಾಕಿ. ನೇಮ ಬಲ್ಲಾಕಿ ಈ ಸಾಲು ಬರಿಯಂಗಿಲ್ಲ. ಅಂದ್ರ ಇದು ಆಕಿ ಬರದದ್ದಲ್ಲ. ಯಾರೋ ಆಕಿ ಹೆಸರಿಲೆ ಕೂತು ಹೊಸಾದಾಗಿ ಬರದಾರ."

ಮನಾಲಿ ಕೆಲಸ ಬಿಟ್ಟು ಗಡಹಿಂಗ್ಲಜ ಸೇರಿದ್ದು ಚೆನ್ನವ್ವನಿಗೆ ಹೋದ ವಾರವೇ ಗೊತ್ತಾಗಿತ್ತು. ಬರಿಗೈಲಿ ಹೋದರೆ ಬಾಗಿಲು ಮುಚ್ಚುತ್ತದೆಂದು ತಡೆದಿದ್ದಳು.

"ಎಷ್ಟ ದಿವಸ ಉಳದಾವು?"

"ಆರು. ಅದರಾಗ ಒಂದು ಐತವಾರ." ಹರ್ಷದಾ ಗೋಡೆಯ ಕ್ಯಾಲೆಂಡರು ನೋಡಿದಳು. "ಗ್ರಾಹಕ ಆಯೋಗಕ್ಕ ಎರಡು ವರ್ಷದೊಳಗ ಹೋಗಬೇಕು. ಬಟ್ಟಿ ಸಿಕ್ಕ ದಿವಸದಿಂದ ಎಣಸ್ರಿ ಅಂತ ನಾ ವಾದ ಮಾಡಬಹುದು. ಆಪರೇಷನ್ ದಿವಸದಿಂದ ಅಂತ ಅವರು ಅಂತಾರ. ಆ ಜೂಜು ನನಗ ಬ್ಯಾಡ."

"ಪೊಲೀಸರ ಕಡೆ ಹೋದ್ರ?"

"ಹೋಗಬಹುದು. ಆದ್ರ ಮೊದಲ ಬ್ಯಾರೆ ಡಾಕ್ಟರು ಇದು ಬರೇ ಚೂಕು ಅಲ್ಲ, ಭಾರಿ ನಿಷ್ಕಾಳಜಿ ಅಂತ ಬರದು ಕೊಡಬೇಕು. ಅಲ್ಲೀತನಕ ಅವರು ಡಾಕ್ಟರ್ ಮೈ ಮುಟ್ಟಂಗಿಲ್ಲ. ಮೆಡಿಕಲ್ ಕೌನ್ಸಿಲ್ ಐತಿ, ಅದು ಅವರ ಪರವಾನಗಿ ನೋಡ್ತೈತಿ, ಮಾಣಿಕಬಾಯಿಗೆ ಏನೂ ಕೊಡಂಗಿಲ್ಲ. ಆಕಿ ಪಾಲಿನ ದಾರಿ ಆಯೋಗ ಒಂದ. ಹೊಟ್ಯಾಗ ಬಟ್ಟಿ ಸಿಕ್ಕೈತಿ ಅಂದಮ್ಯಾಲ ತಪ್ಪು ಆಗೈತಿ ಅಂತ ಬ್ಯಾರೆ ಹೇಳೂದ ಬ್ಯಾಡ. ಯಾರ ಬಟ್ಟಿ ಅನ್ನೂದ ಜಗಳ. ಆ ಫೈಲ್ ಸುಳ್ಳಂತ ತೋರ್ಸಿದ್ರ ಜಗಳ ಮುಗೀತು."

ಹರ್ಷದಾ ಡ್ರಾವರಿನಿಂದ ತಕರಾರು ಅರ್ಜಿ ತೆಗೆದಳು. ಎಲ್ಲ ಸಿದ್ಧವಿತ್ತು. ಕೊನೆಯ ಪುಟದಲ್ಲಿ ಮಾಣಿಕಬಾಯಿಯ ಸಹಿಗೆ ಬಿಟ್ಟ ಜಾಗ ಮಾತ್ರ ಖಾಲಿ.

"ಸಿಸ್ಟರ್ ಸಿಕ್ರ, ನಾಳೆ ಮುಂಜಾನೆ ಇಚಲಕರಂಜಿಗೆ ಹೋಗಿ ಸಹಿ ತರ್ರಿ."

*

ಬಸ್ ಸ್ಟ್ಯಾಂಡಿನಲ್ಲಿ ನಿಂತು ಚೆನ್ನವ್ವ ಮಾಣಿಕಬಾಯಿಯ ಮಗ ಜಿನೇಶನಿಗೆ ಫೋನು ಮಾಡಿದಳು. ಜಿನೇಶ ಶಿರೋಳಿಯ ಒಂದು ಫೌಂಡ್ರಿಯಲ್ಲಿ ಸುಪರ್ವೈಸರ್. ಆತನ ಮಾತಿನ ಹಿಂದೆ ಕಬ್ಬಿಣ ಕಬ್ಬಿಣಕ್ಕೆ ಬಡಿಯುತ್ತಿತ್ತು.

"ನಾಳೆ ಮುಂಜಾನೆ ಆಯಿನ ಮನ್ಯಾಗ ಇರಸ್ರಿ ಜಿನೇಶ. ಸಹಿ ಬೇಕು. ನಾ ಈಗ ಗಡಹಿಂಗ್ಲಜಕ್ಕ ಹೊಂಟೇನಿ. ಆ ಸಿಸ್ಟರ್ ಅಲ್ಲಿ ಅದಾಳ."

"ಬರಂ," ಅಂದ ಜಿನೇಶ ಮರಾಠಿಯಲ್ಲಿ, ಆಗಲಿ ಎಂಬಂತೆ. ಸ್ವಲ್ಪ ತಡೆದು ಇನ್ನೊಮ್ಮೆ, "ಬರಂ ಮಾವಶಿ."

ಬಸ್ಸಿನ ಸೀಟಿಗೂ ಗುಲಾಲು ಮೆತ್ತಿತ್ತು. ಪಕ್ಕದ ಸೀಟಿನಲ್ಲಿ ಚೆನ್ನವ್ವ ತನ್ನ ಚೀಲ ಇಟ್ಟುಕೊಂಡಳು. ಯಾರಾದರೂ ಬಂದರೆ ಎತ್ತಿಕೊಂಡರಾಯಿತು ಅಂತ. ನಿಪ್ಪಾಣಿ ದಾಟಿತು, ಸಂಕೇಶ್ವರ ದಾಟಿತು. ಯಾರೂ ಬರಲಿಲ್ಲ. ಚೀಲದೊಳಗೆ ಒಬ್ಬರಿಗಾಗುವ ಡಬ್ಬಿ, ಒಬ್ಬರಿಗಾಗುವ ನೀರು. ತನ್ನ ಊರಿಗೆ ಹೊರಟಿದ್ದಾಳೆ, ಅಲ್ಲಿ ಇಳಿದರೆ ಈಗ ಬಂದಿಯಾ ಎಂದು ಕೇಳುವ ಒಂದು ಬಾಗಿಲೂ ಉಳಿದಿಲ್ಲ. ಆಕೆ ಕಿಟಕಿಯ ಹೊರಗಿನ ಕಬ್ಬು ನೋಡುತ್ತ ಹೋದಳು. ಮಾತು ಆಡಿ ಆಡಿ ಸವೆದ ಜನರ ನಡುವೆ ತನ್ನ ಮಾತು ಮಾತ್ರ ಹಾಗೇ ಗಂಟು ಕಟ್ಟಿಟ್ಟಂತೆ ಇದೆ ಅನ್ನಿಸಿತು.

ಗಡಹಿಂಗ್ಲಜದ ಪೇಟೆಯಲ್ಲಿ ಮನಾಲಿಯ ಮಾವನ ಕಾರ ಕುಟ್ಟುವ ಗಿರಣಿ. ದಾರಿ ಕೇಳಬೇಕಿರಲಿಲ್ಲ. ಓಣಿಯ ತುದಿಯಲ್ಲೇ ಮೂಗು ಹೇಳಿತು. ಚೆನ್ನವ್ವ ಒಳಗೆ ಕಾಲಿಡುತ್ತಲೇ ಮೂರು ಸೀನು ಸೀನಿದಳು.

ಮೂಗಿಗೆ ಓಢಣಿ ಸುತ್ತಿಕೊಂಡಿದ್ದ ಹೆಂಗಸು ಯಂತ್ರದ ಗದ್ದಲದ ಮೇಲೆ ಕೂಗಿದಳು. "ಏನ ಕುಟ್ಟಸ್ತೀರಿ ಅಕ್ಕಾರ? ಬ್ಯಾಡಗಿನೋ ಸಂಕೇಶ್ವರಿನೋ?"

"ಕುಟ್ಟಾಕ ತಂದಿಲ್ಲವ್ವಾ. ಓದಾಕ ತಂದೇನಿ. ನೀನ ಏನು, ಮನಾಲಿ ಸಿಸ್ಟರ್?"

ಓಢಣಿಯ ಮೇಲಿನ ಕಣ್ಣು ಎರಡೂ ಒಮ್ಮೆಲೇ ಬಾಗಿಲು ಹಾಕಿಕೊಂಡವು. ಮೂವತ್ತು ದಾಟಿದ ಹೆಂಗಸು. ಕೈ ಮಾತ್ರ ಮೆಣಸಿನಕಾಯಿ ಕೈಯಲ್ಲ, ಉಗುರು ಮಟ್ಟಸವಾಗಿ ಕತ್ತರಿಸಿದ ದವಾಖಾನೆಯ ಕೈ.

"ಆ ಕೆಲಸ ಬಿಟ್ಟೇನ್ರಿ. ನನಗೇನೂ ನೆನಪಿಲ್ಲ."

"ನೆನಪ ಮಾಡ್ಕೋ ಅಂದೆನೇನು? ನಾ ಓದ್ತೇನಿ. ನೀ ಕೇಳ, ಸಾಕು."

ಚೆನ್ನವ್ವ ಕಾಳಿನ ಚೀಲದ ಮೇಲೆ ಕೂತಳು. ನಕಲಿನ ಪುಟ ತೊಡೆಯ ಮೇಲೆ ಹರವಿಕೊಂಡು, ಅಪ್ಪ ಓದುತ್ತಿದ್ದ ಹಾಗೆ ಪದ ಪದಕ್ಕೂ ಜಾಗ ಬಿಟ್ಟು ಓದಿದಳು.

"ಮೂರನೇ ದಿವಸ, ರಾತ್ರಿ ಎಂಟೂವರಿ. ಪೇಶಂಟು ಚಹಾ ತೊಗೊಂಡ್ರು, ಎರಡು ಬಿಸ್ಕಿಟ್. ನಾಲ್ಕನೇ ದಿವಸ, ರಾತ್ರಿ ಎಂಟೂವರಿ. ಪೇಶಂಟು ಚಹಾ ತೊಗೊಂಡ್ರು..."

ಮನಾಲಿ ಯಂತ್ರದ ಗುಂಡಿ ಒತ್ತಿದಳು. ಗಿರಣಿ ನಿಂತಿತು. ಕೆಂಪು ಧೂಳು ನಿಧಾನವಾಗಿ ಕೆಳಗಿಳಿಯಿತು.

"ಇದನ್ನ ಹಿಡದವರು ಯಾರ್ರಿ? ವಕೀಲರೋ?"

"ನಾನ."

"ನೀವು ನಮ್ಮ ಪೈಕಿ ಏನ್ರಿ?"

"ಅಲ್ಲವಾ, ಲಿಂಗಾಯತರಾಕಿ. ಆದ್ರ ಆ ಆಯಿ ಮನ್ಯಾಗ ಒಂದ ಸಂಜಿ ಕುಂತಿದ್ದೆ. ಮನಾಲಿ, ನಿನ್ನ ಹೆಸರಿಲೆ ಇದನ್ನ ಯಾರೋ ಬರದಾರ. ಯಾರಂತ ನೀ ಹೇಳಬೇಕು."

ಮನಾಲಿ ಓಢಣಿ ಬಿಚ್ಚಿದಳು. ಅಳುತ್ತಿದ್ದಳೋ, ಕಾರ ಹತ್ತಿತ್ತೋ, ಹೇಳಲಾಗದು.

"ಯಾರೂ ಅಲ್ರಿ. ನಾನ ಬರದೇನಿ."

ಚೆನ್ನವ್ವ ಪುಟ ಮಡಚುತ್ತಿದ್ದ ಕೈ ನಿಲ್ಲಿಸಿದಳು. ಬೆಳಗಿನಿಂದ ಕಟ್ಟಿಕೊಂಡು ಬಂದ ತರ್ಕವೆಲ್ಲ ಕಾಳಿನ ಚೀಲದ ಪಕ್ಕ ಕುಸಿದು ಕೂತಿತು.

"ಅಕ್ಷರ ನಂದ, ಸಹಿ ನಂದ. ಏಳು ತಿಂಗಳಾತ್ರಿ ಅಕ್ಕಾರ. ಯಾರರ ಒಬ್ರು ಆ ಸಾಲು ಓದ್ತಾರು, ಓದಿ ನನ್ನ ಕಡೆ ಬರ್ತಾರು ಅಂತ ಕಾಯಾಕತ್ತಿದ್ದೆ. ಗಿರಾಕಿ ಬಂದಾಗೊಮ್ಮೆ ಚೀಲ ನೋಡ್ತಿದ್ದೆ, ಕಾಗದ ಅದಾವೇನಂತ."

ಆಮೇಲೆ ಮಾತು ತಾನಾಗಿ ಬಂತು.

ಆಪರೇಷನ್ ದಿನ ಮನಾಲಿ ಇಟ್ಟದ್ದು ಹತ್ತು ಬಟ್ಟೆ. ಹೊಟ್ಟೆ ಮುಚ್ಚುವ ಮುಂಚೆ ಎಣಿಸಿದರೆ ಒಂಬತ್ತು. "ಸರ್, ಒಂದು ಕಮ್ಮಿ ಐತಿ," ಅಂದಳು. ಬಾಜೂ ಕೋಣೆಯಲ್ಲಿ ಇನ್ನೊಬ್ಬ ಪೇಶಂಟಿಗೆ ಆಗಲೇ ಮಂಪರು ಕೊಟ್ಟಾಗಿತ್ತು. "ನಿನ್ನ ಎಣಿಕಿ ತಪ್ಪಿರ್ತೈತಿ. ಬಕೆಟ್ಟಿನ್ಯಾಗ ನೋಡ," ಅಂದರು ಡಾಕ್ಟರು. ಆಕೆ ಬಕೆಟ್ಟು ತಡಕಾಡುವುದರೊಳಗೆ ಹೊಲಿಗೆ ಮುಗಿದಿತ್ತು. ಆಕೆ ಕಾಗದದ ಮೇಲೆ ಇದ್ದದ್ದನ್ನು ಇದ್ದ ಹಾಗೆ ಬರೆದಳು: ಹತ್ತರಲ್ಲಿ ಒಂದು ಸಿಗಲಿಲ್ಲ, ಸರ್ಜನ್ ಅವರಿಗೆ ತಿಳಿಸಲಾಗಿದೆ.

"ಮತ್ತ ಆಯಿಗೆ ಯಾಕ ಹೇಳಲಿಲ್ಲ?"

ಮನಾಲಿ ಓಢಣಿಯ ಅಂಚು ಬೆರಳಿಗೆ ಸುತ್ತಿಕೊಂಡಳು. ಚೆನ್ನವ್ವ ಎರಡನೇ ಸಲ ಕೇಳಲಿಲ್ಲ.

"ಫೆಬ್ರವರ್ಯಾಗ ನಿಮ್ಮ ವಕೀಲರ ಅರ್ಜಿ ಬಂತು. ಎಪ್ಪತ್ತೆರಡು ತಾಸಿನ್ಯಾಗ ಫೈಲ್ ಕೊಡಬೇಕಂತ ಕಾಯ್ದೆ. ಅವರು ಮೂರು ವಾರ ತಡದ್ರು. ಒಂದ ಮಧ್ಯಾಹ್ನ ಮ್ಯಾನೇಜರ್ ಕೋಣ್ಯಾಗ ನನ್ನ ಕುಂಡರಿಸಿ ಐದೂ ದಿವಸದ್ದು ಹೊಸಾ ಹಾಳಿ ಮ್ಯಾಲ ಬರಸ್ಕೊಂಡ್ರು. ಹಳೀವು ಅಲ್ಲೇ ಕಪಾಟಿನ್ಯಾಗ ಹೋದುವು. ಹತ್ತಕ್ಕ ಹತ್ತು ಅಂತ ಬರಿ ಅಂದ್ರು, ಬರದೆ. ಎದುರಾಡೂ ಧೈರ್ಯ ಆಗಲಿಲ್ರಿ. ಊಟದ ಕಾಲಮ್ಮ ಮಾತ್ರ ಯಾರೂ ನೋಡಾಕತ್ತಿರಲಿಲ್ಲ. ಅಲ್ಲಿ ಬೇಕಂತ ಬರದೆ. ನಮ್ಮವರು ಯಾರರ ಓದಿದ್ರ ಒಂದ ಸಾಲಿಗೆ ತಿಳಿಲಿ, ಈ ಫೈಲ್ ಪೂರಾ ಸುಳ್ಳಂತ." ಮೂಗು ಒರೆಸಿಕೊಂಡಳು. "ನಿಮ್ಮ ವಕೀಲರು ನಮ್ಮವರ ಅಲ್ಲೇನ್ರಿ? ಅವರಿಗೆ ತಿಳೀಲಿಲ್ಲೇನು?"

"ಆಕಿ ರಾತ್ರಿ ಹತ್ತಕ್ಕ ಉಣ್ಣಾಕಿ."

ಮನಾಲಿಗೆ ನಗು ಬಂತು. ನಗುವಿನ ಜೊತೆ ಸೀನು ಬಂತು. ಚೆನ್ನವ್ವನಿಗೂ ಬಂತು. ಇಬ್ಬರೂ ಒಂದಷ್ಟು ಹೊತ್ತು ಸೀನುತ್ತ ನಗುತ್ತ ಕೂತರು. ಯಾರ ಜೊತೆಗಾದರೂ ಹೀಗೆ ನಕ್ಕು ಎಷ್ಟು ದಿನವಾಯಿತೆಂದು ಚೆನ್ನವ್ವ ಲೆಕ್ಕ ಹಾಕಲು ಹೋಗಿ ಬಿಟ್ಟಳು.

ಹೇಳಬೇಕಾದ್ದನ್ನು ಹೇಳದೆ ಇರಲು ಬರುವುದಿಲ್ಲ.

"ಕೇಳ ಮನಾಲಿ. ಇದನ್ನ ಪ್ರಮಾಣ ಮಾಡಿ ಬರದು ಕೊಟ್ರ, ಸುಳ್ಳು ಫೈಲ್ ಬರದೇನಿ ಅಂತ ನೀನ ಒಪ್ಪಿಕೊಂಡಂಗ. ನಿನ್ನ ನರ್ಸಿಂಗ್ ನೋಂದಣಿ ಹೋಗಬಹುದು. ಕೇಸೂ ಆಗಬಹುದು. ಆಯಿ ಕೇಸ ಹಾಕಿದ್ರ ನೀ ಸಾಕ್ಷಿ. ಹಾಕಲಿಲ್ಲಂದ್ರ ನೀ ಬರೇ ಆರೋಪಿ. ದವಾಖಾನಿ ತಾ ಜಾರಿಕೊಂಡು ಎಲ್ಲಾನೂ ನಿನ್ನ ತಲೀಗೆ ಕಟ್ತೈತಿ."

"ಆಯಿ ಕೇಸ ಹಾಕ್ತಾರಲ್ರಿ?"

"ಹಾಕ್ತಾರ."

"ನೀವು ಹೇಳ್ತೀರಲ್ಲ?"

"ನಾ ಹೇಳ್ತೇನಿ."

"ಹಂಗಾರ ನಾಳೆ ಮುಂಜಾನಿ ಮೊದಲ ಗಾಡಿಗೆ ಕೊಲ್ಹಾಪುರಕ್ಕ ಬರ್ತೇನಿ."

ಚೆನ್ನವ್ವ ಏಳುವಾಗ ಮನಾಲಿ ಸೆರಗು ಹಿಡಿದಳು.

"ಅಕ್ಕಾರ, ಒಂದು ಮಾತು. ನೀವು ಬರೂ ಒಂದ ತಾಸು ಮೊದಲ ಮ್ಯಾನೇಜರ್ ಫೋನ್ ಮಾಡಿದ್ದ. 'ಒಬ್ಬಾಕಿ ಬರಾಕತ್ತಾಳ, ಬಾಯಿ ಬಿಟ್ಟಿ ಅಂದ್ರ ನೋಡ' ಅಂತ. ನೀವು ಬರೂದು ಅವನಿಗೆ ಹೆಂಗ ಗೊತ್ತಾತ್ರಿ?"

ಚೆನ್ನವ್ವ ಹೊರಟದ್ದು ಗೊತ್ತಿದ್ದವರು ಲೋಕದಲ್ಲಿ ಇಬ್ಬರೇ ಇಬ್ಬರು. ಒಬ್ಬಳು ಹರ್ಷದಾ.

ಇನ್ನೊಬ್ಬನ ಹೆಸರು ನೆನೆಯಲು ಆಕೆಗೆ ಮನಸಾಗಲಿಲ್ಲ.

*

ಮರುದಿನ ಇಚಲಕರಂಜಿಯಲ್ಲಿ ಮಗ್ಗಗಳು ಎಂದಿನಂತೆ ಖಟಖಟ ಅನ್ನುತ್ತಿದ್ದವು. ಆದರೆ ಮಾಣಿಕಬಾಯಿಯ ಓಣಿಗೆ ಬೇರೆಯೇ ಕಳೆ. ಜೈನರ ದಶಲಕ್ಷಣ ಪರ್ವ ಮುಗಿದು ಅಂದು ಕ್ಷಮಾವಣಿ. ಬಸದಿಯಿಂದ ಹೊರಟ ಬಿಳಿ ಸೀರೆಗಳು, ಬಿಳಿ ಧೋತರಗಳು ಮನೆಯಿಂದ ಮನೆಗೆ ಹೋಗುತ್ತಿದ್ದವು. ಎದುರಾದವರೆಲ್ಲ ಕೈ ಮುಗಿದು, ವರ್ಷದಲ್ಲಿ ತಿಳಿದೋ ತಿಳಿಯದೆಯೋ ಆದ ತಪ್ಪಿಗೆ ಕ್ಷಮೆ ಕೇಳುತ್ತಿದ್ದರು. "ಉತ್ತಮ ಕ್ಷಮಾ." "ಉತ್ತಮ ಕ್ಷಮಾ." ಗುರುತಿಲ್ಲದ ಒಬ್ಬ ಅಜ್ಜ ಚೆನ್ನವ್ವನಿಗೂ ಕೈ ಮುಗಿದ. ಆಕೆ ಗಡಬಡಿಸಿ ತಿರುಗಿ ಮುಗಿದಳು.

ಮಾಣಿಕಬಾಯಿಯ ಬಾಗಿಲಲ್ಲಿ ಗದ್ದಲವಿರಲಿಲ್ಲ.

ಹದಿನಾರು ತಿಂಗಳ ಕೀವಿನ ವಾಸನೆಗೆ ಜನ ಮೊದಲು ಮೂಗು ಮುಚ್ಚಿದರು, ಆಮೇಲೆ ಬರುವುದು ಬಿಟ್ಟರು. ಬಸದಿಯಲ್ಲಿ ಆಕೆಯೇ ಎದ್ದು ಎಲ್ಲರ ಹಿಂದೆ, ಕೊನೆಯ ಕಂಬದ ಮರೆಗೆ ಕೂರುತ್ತಿದ್ದಳು. ಈಗ ಗಾಯ ಆರಿದೆ. ವಾಸನೆ ಇಲ್ಲ. ಆದರೆ ಬಿಟ್ಟ ರೂಢಿ ಹಾಗೇ ಉಳಿದಿದೆ. ಸೊಸೆ, ಮೊಮ್ಮಕ್ಕಳು ಬಸದಿಗೆ ಹೋಗಿದ್ದರು. ಮುದುಕಿ ಚಾಪೆಯ ಮೇಲೆ ಒಬ್ಬಳೇ ಗೋಡೆಗೊರಗಿ ಕೂತಿದ್ದಳು.

"ಬಾ ಚೆನ್ನವ್ವಾ. ಕುಂದರ."

ಚೆನ್ನವ್ವ ಎಂದಿನ ಕುರ್ಚಿಯಲ್ಲಿ ಕೂತಳು. ಚೀಲದಲ್ಲಿ ಫೋನು ಗುಂಯ್‌ಗುಟ್ಟಿತು. ಹರ್ಷದಾ.

"ಚೆನ್ನಕ್ಕಾ, ಮನಾಲಿ ಬಂದು ನೋಟರಿ ಮುಂದ ಪ್ರಮಾಣ ಮಾಡಿದ್ಲು! ಅವರಿಗೆ ಸುದ್ದಿ ಹತ್ತೇತಿ ಅಂದ್ರಲ್ಲ, ಹಳೇ ಹಾಳಿ ಸುಟ್ಟಗಿಟ್ಟಾರು ಅಂತ, ಆಕಿನ ಕೇಳಿ, ಪ್ರಮಾಣದ ನಕಲು ಹಚ್ಚಿ, ಮೂಲ ಫೈಲ್ ಮುಟ್ಟಬ್ಯಾಡ್ರಿ ಅಂತ ದವಾಖಾನಿಗೆ ನೋಟಿಸ್ ಕೊಟ್ಟಬಿಟ್ಟೇನಿ. ಈಗ ಹಿಂದ ಸರಿಯಾಕ ಬರಂಗಿಲ್ಲ. ಸಹಿ ಆತೇನು?"

"ಈಗ ಕುಂತೇನಿ," ಅಂದಳು ಚೆನ್ನವ್ವ.

ಅರ್ಜಿ ತೆಗೆದು, ಕೊನೆಯ ಪುಟ ತಿರುವಿ, ಪೆನ್ನಿನ ಮುಚ್ಚಳ ಬಿಚ್ಚಿ ಮುಂದಿಟ್ಟಳು. ಮನಾಲಿ ಹೇಳಿದ್ದನ್ನೆಲ್ಲ ಒಂದೂ ಬಿಡದೆ ಹೇಳಿದಳು. ಹತ್ತು ಬಟ್ಟೆ, ಒಂಬತ್ತು ಬಟ್ಟೆ, ಬಕೆಟ್ಟು, ಹೊಲಿಗೆ. ಮಾಣಿಕಬಾಯಿ ಕಣ್ಣು ಮುಚ್ಚಿ ಕೇಳಿದಳು. ಮಗ್ಗದ ಸಪ್ಪಳ ನೆಲದೊಳಗಿಂದ ಬರುತ್ತಿತ್ತು.

"ಹಂಗಾರ ಅವನಿಗೆ ಗೊತ್ತಿತ್ತು," ಅಂದಳು ಕೊನೆಗೆ.

"ಗೊತ್ತಿತ್ತು ಕಾಕೂ. ಇಲ್ಲಿ ಸಹಿ ಮಾಡ್ರಿ."

ಮುದುಕಿ ಪೆನ್ನು ಮುಟ್ಟಲಿಲ್ಲ.

"ಮುಂಜಾನೆ ಬಂದಿದ್ದ ಅವ."

"ಯಾರು?"

"ಡಾಕ್ಟರ. ಜಿನೇಶ ತನ್ನ ಗಾಡಿ ಮ್ಯಾಲ ಕುಂಡರಿಸ್ಕೊಂಡು ಬಂದ."

ಚೆನ್ನವ್ವನ ಬೆನ್ನು ಕುರ್ಚಿಯಿಂದ ತಾನಾಗಿ ಮುಂದೆ ಬಂತು. ನಿನ್ನೆ ನೆನೆಯಲೊಲ್ಲದ ಹೆಸರು ಈಗ ತಾಯಿಯ ಬಾಯಿಂದಲೇ ಬಂದಿತ್ತು.

"ಜಿನೇಶ ಯಾಕ..."

"ಅವನ್ನ ನಾ ಕೇಳಿಲ್ಲ. ತಲಿ ಕೆಳಗ ಹಾಕಿ ಬಾಗಿಲದಾಗ ನಿಂತಿದ್ದ. ಡಾಕ್ಟರ ಒಳಗ ಬಂದ, ಇಲ್ಲಿ, ಈ ಚಾಪಿ ಮ್ಯಾಲ, ನನ್ನ ಮಗ್ಗಲಾಗ ಕುಂತ. ನನ್ನ ಕಾಲು ಹಿಡದ. ತಿಳದೋ ತಿಳೀದನೋ ಏನರ ತಪ್ಪಾಗಿದ್ರ ಕ್ಷಮಾ ಮಾಡ್ರಿ ಆಯಿ ಅಂದ."

"ಏನ ತಪ್ಪಂತ ಹೇಳಿದ್ನೇನು? ಬಟ್ಟಿ ಮಾತು ಆಡಿದ್ನೇನು?"

"ಇವತ್ತಿನ ದಿವಸ ಯಾರೂ ಏನ ತಪ್ಪಂತ ಹೇಳಂಗಿಲ್ಲ ಚೆನ್ನವ್ವಾ. ಕೇಳೂದು, ಕೊಡೂದು ಅಷ್ಟ. ನಾ ಕೊಟ್ಟೆ. ಉತ್ತಮ ಕ್ಷಮಾ ಅಂದೆ."

"ಕಾಕೂ, ಅವ ನಮ್ಮ ಸುದ್ದಿ ತಿಳದು ಬಂದಾನ. ನಿಮ್ಮ ನೇಮ ತಿಳದು ಇದ ದಿವಸ ಹುಡಿಕ್ಕೊಂಡು ಬಂದಾನ!"

"ಇರಬಹುದು."

"ಕ್ಷಮಾ ನಿಮ್ಮ ಮನಸಿಂದು. ಸಹಿ ಕಾಯ್ದೆದ್ದು. ಎರಡೂ ಬ್ಯಾರೆ. ಕ್ಷಮಾ ಮಾಡೇನಿ ಅಂದ್ರೂ ಆಯೋಗ ಬ್ಯಾಡ ಅನ್ನಂಗಿಲ್ಲ."

"ಆಯೋಗ ಅನ್ನಂಗಿಲ್ಲ. ನನ್ನ ನಾಲಿಗಿ ಅಂತೈತಿ." ಮಾಣಿಕಬಾಯಿ ಕಣ್ಣು ತೆರೆದಳು. "ಎರಡು ವರ್ಷದಾಗ ನನ್ನ ಮಗ್ಗಲಾಗ ಬಂದು ಕುಂತಾವ ಅವ ಮೊದಲನೇದವ. ನೀ ಎಷ್ಟ ಸಲ ಬಂದಿ ಚೆನ್ನವ್ವಾ? ಪ್ರತೀ ಸಲ ಆ ಕುರ್ಚಿ ಮ್ಯಾಲ ಕುಂತಿ."

ಚೆನ್ನವ್ವ ನಿಧಾನವಾಗಿ ಕುರ್ಚಿ ಬಿಟ್ಟು ಇಳಿದು, ಚಾಪೆಯ ಅಂಚಿಗೆ ಕೂತಳು. ತಡವಾಗಿತ್ತು. ಅದು ಇಬ್ಬರಿಗೂ ತಿಳಿಯಿತು.

"ನನಗಾಗಿ ಬ್ಯಾಡ ಕಾಕೂ," ಅಂದಳು. ದನಿ ಸಣ್ಣದಾಗಿತ್ತು. "ಆ ಹುಡುಗಿಗಾಗಿ ಮಾಡ್ರಿ. ಹೊತ್ತು ಇಳಿಯೂ ಮೊದಲ ನೀರು ತರ್ತಿದ್ಲಲ್ಲ, ಆಕಿಗಾಗಿ. ನೀವು ಕೇಸ ಹಾಕ್ತೀರಿ ಅಂತ ನಾ ಮಾತು ಕೊಟ್ಟೇನಿ. ಆಕಿ ನನ್ನ ನಂಬಿ ಇವತ್ತ ಮುಂಜಾನೆ ಪ್ರಮಾಣ ಮಾಡ್ಯಾಳ. ಕಾಗದ ಆಗಲೇ ದವಾಖಾನಿ ಸೇರೇತಿ. ನೀವು ಸಹಿ ಮಾಡಲಿಲ್ಲಂದ್ರ ಡಾಕ್ಟರ ಉಳೀತಾನ, ಆಕಿ ಒಬ್ಬಾಕಿನ ಮುಳುಗ್ತಾಳ. ಇನ್ನ ಐದ ದಿವಸ ಅದಾವು. ಕೈ ಮುಗಿತೇನಿ."

ಮಾಣಿಕಬಾಯಿ ಪೆನ್ನು ಎತ್ತಿಕೊಂಡಳು. ಮುಚ್ಚಳ ಹುಡುಕಿ ಹಾಕಿ, ಚೆನ್ನವ್ವನ ಮುಗಿದ ಕೈಯೊಳಗೆ ಇಟ್ಟಳು.

"ಆಕಿಗೂ ಕ್ಷಮಾ ಮಾಡೇನಿ ಅಂತ ಹೇಳ," ಅಂದಳು. "ಸಹಿ ನಾ ಮಾಡೂದಿಲ್ಲ."